ಗಾಳಿಯಿಂದಲೇ ಲೇಸರ್ ಹೊಮ್ಮಿಸುವುದು ಹೇಗೆ?

ಸಾಮಾನ್ಯವಾಗಿ ಲೇಸರ್ ಎಂದರೆ ಬೆಳಕನ್ನು ವರ್ಧಿಸುವ ಒಂದು ಮಾಧ್ಯಮ, ಅದಕ್ಕೆ ಶಕ್ತಿ ತುಂಬುವ ಒಂದು ಮೂಲ ಮತ್ತು ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸುವ ಎರಡು ಕನ್ನಡಿಗಳು. ಗಾಳಿ ಲೇಸರ್‌ನಲ್ಲಿ ಮಾಧ್ಯಮ ನಾವು ಉಸಿರಾಡುವ ಗಾಳಿಯೇ. ಶಕ್ತಿ ತುಂಬುವುದು ಇನ್ನೊಂದು ಲೇಸರ್. ಕನ್ನಡಿಗಳು ಇಲ್ಲವೇ ಇಲ್ಲ. ಹೀಗಾಗಿ ಬೆಳಕು ಒಂದೇ ಸಲದ ಪಯಣದಲ್ಲಿ ಸಾಕಷ್ಟು ಬಲಗೊಳ್ಳಬೇಕು. ಸಾರಜನಕದಿಂದ ಲೇಸರ್ ಪಡೆಯುವುದು ಹೊಸತೇನಲ್ಲ. ವಿದ್ಯುತ್ ವಿಸರ್ಜನೆಯಿಂದ 337 ನ್ಯಾನೊಮೀಟರ್ ಬೆಳಕು ಕೊಡುವ ಸಾರಜನಕ ಲೇಸರ್ 1963ರಿಂದಲೂ ಇದೆ. ಕೊಳವೆಯಾಗಲಿ ಎಲೆಕ್ಟ್ರೋಡ್ ಆಗಲಿ ಇಲ್ಲದೆ, ಬಯಲು ಗಾಳಿಯಲ್ಲಿ ಬೇಕೆಂದ ಜಾಗದಲ್ಲಿ ಅದನ್ನು ಹುಟ್ಟಿಸುವುದು ಹೊಸತು. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, ಸಾರಜನಕದ ಅಯಾನುಗಳಿಂದ (ಒಂದು ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳಿಂದ) 391 ನ್ಯಾನೊಮೀಟರ್‌ನ ನೇರಳೆ ಬೆಳಕು ಪಡೆಯುವ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊದಲು ಬೇಕಾದುದು ತೀರಾ ಚುಟುಕಾದ ಬೆಳಕಿನ ಸ್ಪಂದ. ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಫೆಮ್ಟೊಸೆಕೆಂಡ್. ಟೈಟೇನಿಯಂ-ಸಫೈರ್ ಲೇಸರ್ 800 ನ್ಯಾನೊಮೀಟರ್ ತರಂಗದೂರದಲ್ಲಿ ಸುಮಾರು 35 ಫೆಮ್ಟೊಸೆಕೆಂಡಿನ ಸ್ಪಂದಗಳನ್ನು ಕೊಡುತ್ತದೆ. ಅಂಥ ಒಂದು ಸ್ಪಂದದ ಉದ್ದ ಜಾಗದಲ್ಲಿ ಅಳೆದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ. ಅದರಲ್ಲಿ 3 ಮಿಲಿಜೂಲ್ ಶಕ್ತಿಯನ್ನು ತುಂಬಿದರೆ, ಆ ಕ್ಷಣದ ಮಟ್ಟಿಗೆ ಅದರ ಸಾಮರ್ಥ್ಯ ಸುಮಾರು 85 ಗಿಗಾವ್ಯಾಟ್ ಆಗುತ್ತದೆ. ಇಷ್ಟು ತೀವ್ರವಾದ ಬೆಳಕು ವರ್ಧಕ ಹರಳನ್ನೇ ಒಡೆದುಹಾಕಬಲ್ಲುದಾದ್ದರಿಂದ, ಸ್ಪಂದವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ, ವರ್ಧಿಸಿ, ಕೊನೆಗೆ ಕುಗ್ಗಿಸುವ ಉಪಾಯವನ್ನು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು 1985ರಲ್ಲಿ ಪ್ರಕಟಿಸಿದರು. ಅದಕ್ಕೆ 2018ರಲ್ಲಿ ನೊಬೆಲ್ ಬಂತು. ಆ ಉಪಾಯವಿಲ್ಲದೆ ಮುಂದಿನ ಯಾವ ಹಂತವೂ ಇಲ್ಲ.

ಎರಡನೆಯ ಹಂತದಲ್ಲಿ ಈ ಸ್ಪಂದವನ್ನು ಒಂದು ಮೀಟರ್ ಸಂಗಮದೂರದ ಪೀನ ಮಸೂರದ ಮೂಲಕ ಹಾಯಿಸಬೇಕು. ಮಸೂರ ಮಾಡುವುದು ಕೆಲಸದ ಅರ್ಧ ಮಾತ್ರ. ಉಳಿದರ್ಧವನ್ನು ಗಾಳಿಯೇ ಮಾಡುತ್ತದೆ. ಕೆಲವು ಗಿಗಾವ್ಯಾಟ್ ಮೀರಿದ ಬೆಳಕು ಗಾಳಿಯ ವಕ್ರೀಭವನಾಂಕವನ್ನು ಹೆಚ್ಚಿಸುತ್ತದೆ. ಕಿರಣದ ನಡುಭಾಗ ಅಂಚಿಗಿಂತ ತೀವ್ರವಾಗಿರುವುದರಿಂದ ಅಲ್ಲಿ ಈ ಹೆಚ್ಚಳ ಜಾಸ್ತಿ, ಆದ್ದರಿಂದ ಗಾಳಿಯೇ ಪೀನ ಮಸೂರದಂತೆ ವರ್ತಿಸಿ ಕಿರಣವನ್ನು ಮತ್ತಷ್ಟು ಕೂಡಿಸುತ್ತದೆ. ತೀವ್ರತೆ ಏರುತ್ತ ಹೋಗಿ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದಾಗ, ಹಾಗೆ ಹುಟ್ಟಿದ ಪ್ಲಾಸ್ಮಾ, ಅಂದರೆ ಬಿಡಿ ಎಲೆಕ್ಟ್ರಾನು ಮತ್ತು ಅಯಾನುಗಳ ಮಿಶ್ರಣ, ಕಿರಣವನ್ನು ಚದುರಿಸಲು ತೊಡಗುತ್ತದೆ. ಎರಡೂ ಸರಿದೂಗಿದಲ್ಲಿ, ನೂರು ಮೈಕ್ರೋಮೀಟರ್ ಆಸುಪಾಸು ದಪ್ಪದ ಬೆಳಕಿನ ಎಳೆಯೊಂದು ನಿಲ್ಲುತ್ತದೆ. ಇದಕ್ಕೆ ಫಿಲಮೆಂಟ್ ಎನ್ನುತ್ತಾರೆ. ಗಾಳಿಯಲ್ಲಿ ಇದನ್ನು ಮಿಚಿಗನ್ ವಿಶ್ವವಿದ್ಯಾಲಯದ ತಂಡ 1995ರಲ್ಲಿ ವರದಿ ಮಾಡಿತು. ಎಳೆಯೊಳಗಿನ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 50 ಲಕ್ಷ ಕೋಟಿ ವ್ಯಾಟ್. ಲೇಸರ್‌ನ ಶಕ್ತಿಯನ್ನು ಇನ್ನಷ್ಟು ಏರಿಸಿದರೂ ಈ ಅಂಕಿ ಅಷ್ಟಾಗಿ ಮೇಲೇರದು.

ಎಳೆ ಆಗಿದೆಯೆಂದು ಹೇಗೆ ತಿಳಿಯುವುದು? ಕಿವಿಗೆ ಚಟಪಟ ಸದ್ದು ಕೇಳುತ್ತದೆ; ಮುಂದೆ ಹಿಡಿದ ಬಿಳಿ ಕಾಗದದ ಮೇಲೆ ಬಿಳಿ ಚುಕ್ಕೆಯೂ ಅದರ ಸುತ್ತ ಬಣ್ಣದ ಬಳೆಗಳೂ ಮೂಡುತ್ತವೆ. 800 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಬಹುತೇಕ ಕಾಣದು, ಆದರೆ ಅಕ್ಷಿಪಟಲವನ್ನು ಶಾಶ್ವತವಾಗಿ ಸುಡುತ್ತದೆ. ಆ ತರಂಗದೂರಕ್ಕೆ ತಕ್ಕ ಕನ್ನಡಕ ಧರಿಸದೆ ಕೋಣೆಯೊಳಗೆ ಕಾಲಿಡಬಾರದು.

ಮೂರನೆಯ ಹಂತ ಈ ವಿದ್ಯೆಯ ತಿರುಳು. ಸಾರಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು 15.6 ಎಲೆಕ್ಟ್ರಾನ್ ವೋಲ್ಟ್ ಬೇಕು; ಈ ಲೇಸರ್‌ನ ಒಂದು ಫೋಟಾನಿನಲ್ಲಿರುವುದು 1.55 ಮಾತ್ರ. ಅಂದರೆ ಹನ್ನೊಂದು ಫೋಟಾನುಗಳು ಒಟ್ಟಿಗೆ ಕೈಜೋಡಿಸಬೇಕು. ಹಾಗೆ ಹುಟ್ಟಿದ ಅಯಾನುಗಳಲ್ಲಿ ಹೆಚ್ಚಿನವು ಶಕ್ತಿಯ ಕೆಳಮಟ್ಟದಲ್ಲೇ ಇರುತ್ತವೆ, ಕೆಲವಷ್ಟೇ ಮೇಲ್ಮಟ್ಟದಲ್ಲಿ. ಲೇಸರ್ ಆಗಬೇಕಾದರೆ ಈ ಲೆಕ್ಕ ತಲೆಕೆಳಗಾಗಬೇಕು. ಹಲವು ತಂಡಗಳು ಒಪ್ಪುವ ವಿವರಣೆ ಹೀಗಿದೆ: ಸ್ಪಂದದ ಮುಂಭಾಗ ಅಯಾನನ್ನು ಮಾಡುತ್ತದೆ, ಅದೇ ಸ್ಪಂದದ ಹಿಂಭಾಗ, ತನ್ನ 800 ನ್ಯಾನೊಮೀಟರ್ ಬೆಳಕು ಕೆಳಮಟ್ಟಕ್ಕೂ ನಡುವಿನ ಒಂದು ಮಟ್ಟಕ್ಕೂ ಹೊಂದುವ ಕಾರಣ, ಕೆಳಗಿದ್ದ ಅಯಾನುಗಳನ್ನು ನಡುಮಟ್ಟಕ್ಕೆ ದಾಟಿಸಿ ಕೆಳಮಟ್ಟವನ್ನು ಖಾಲಿ ಮಾಡುತ್ತದೆ. ಮೇಲ್ಮಟ್ಟದವು ಹೆಚ್ಚಿದ್ದರಿಂದಲ್ಲ, ಕೆಳಗಿನವು ಕಡಿಮೆಯಾದ್ದರಿಂದ ವರ್ಧನೆ ಸಾಧ್ಯವಾಗುತ್ತದೆ. ಇಷ್ಟೇ ಸಾಲದು, ಅಣುಗಳ ಕ್ವಾಂಟಂ ಸಂಗತತೆಗೂ (ಅವುಗಳ ಸ್ಥಿತಿಗಳು ಪರಸ್ಪರ ತಾಳ ತಪ್ಪದೆ ನಡೆಯುವುದಕ್ಕೂ) ಪಾಲಿದೆ ಎನ್ನುವವರಿದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ, ಮತ್ತು ನನ್ನ ಮಟ್ಟಿಗೆ ಈ ಕ್ಷೇತ್ರದ ಸ್ವಾರಸ್ಯವೆಲ್ಲ ಇರುವುದು ಅಲ್ಲೇ.

ನಾಲ್ಕನೆಯದು ಬೀಜ ಸ್ಪಂದ. ಹಾಲಿಗೆ ಹೆಪ್ಪು ಹಾಕಿದಂತೆ, ಸಿದ್ಧವಾಗಿರುವ ಅಯಾನುಗಳ ನಡುವೆ ಸರಿಯಾದ ತರಂಗದೂರದ ಒಂದಿಷ್ಟು ಬೆಳಕು ಬಿಡಬೇಕು. ಮೂಲ ಕಿರಣದ ಒಂದು ಪಾಲನ್ನು ಬಿಬಿಒ (ಬೇರಿಯಂ ಬೋರೇಟ್) ಹರಳಿನ ಮೂಲಕ ಹಾಯಿಸಿದರೆ ತರಂಗದೂರ ಅರ್ಧವಾಗಿ 400 ನ್ಯಾನೊಮೀಟರ್ ಆಸುಪಾಸಿಗೆ ಬರುತ್ತದೆ; ಚುಟುಕು ಸ್ಪಂದದ ಬಣ್ಣದ ಹರವು ಅಗಲವಾಗಿರುವುದರಿಂದ 391 ಕೂಡ ಅದರೊಳಗೆ ಸಿಗುತ್ತದೆ. ಇದು ಪಂಪ್ ಸ್ಪಂದದ, ಅಂದರೆ ಶಕ್ತಿ ತುಂಬುವ ಮೂಲ ಸ್ಪಂದದ ಬೆನ್ನಿಗೇ ಎಳೆಯನ್ನು ಹೊಗಬೇಕು. ಅದಕ್ಕಿಂತ ಮೊದಲೇ ಹೊಕ್ಕರೆ ಅಯಾನುಗಳೇ ಇರುವುದಿಲ್ಲ. ತೀರಾ ತಡವಾದರೆ ವರ್ಧನೆ ಆರಿಹೋಗಿರುತ್ತದೆ. ಬೀಜ ಸ್ಪಂದದ ದಾರಿಯ ಉದ್ದ ಹೊಂದಿಸಲು ಇಟ್ಟ, ಕಿರಣವನ್ನು ಹಿಂದಿರುಗಿಸುವ ಕನ್ನಡಿ ಜೋಡಿಯನ್ನು 0.15 ಮಿಲಿಮೀಟರ್ ಸರಿಸಿದರೆ ಒಂದು ಪಿಕೊಸೆಕೆಂಡ್ (ಸಾವಿರ ಫೆಮ್ಟೊಸೆಕೆಂಡ್) ವ್ಯತ್ಯಾಸವಾಗುವುದರಿಂದ, ಈ ಹೊಂದಾಣಿಕೆಗೆ ಮೈಕ್ರೋಮೀಟರ್ ಲೆಕ್ಕದಲ್ಲಿ ಸರಿಯುವ ವೇದಿಕೆ ಬೇಕು.

ಕೊನೆಗೆ ಪಂಪ್ ಬೆಳಕನ್ನು ಫಿಲ್ಟರಿನಿಂದ ತಡೆದು ಉಳಿದುದನ್ನು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿಗೆ ಕಳಿಸಬೇಕು. ಬೀಜ ಸ್ಪಂದ ಒಂದೇ ಇದ್ದಾಗ ರೋಹಿತದಲ್ಲಿ ಅಗಲವಾದ ದಿಬ್ಬ ಕಾಣುತ್ತದೆ. ಪಂಪ್ ಜೊತೆಗೂಡಿದ ಕೂಡಲೇ ಆ ದಿಬ್ಬದ ಮೇಲೆ 391.4ರಲ್ಲಿ ಸೂಜಿಮೊನೆಯಂಥ ರೇಖೆ ಏಳುತ್ತದೆ. ಎರಡರಲ್ಲಿ ಯಾವೊಂದನ್ನು ತಡೆದರೂ ಆ ರೇಖೆ ಕುಸಿದರೆ ಅದು ವರ್ಧನೆಯೇ ಹೌದು. ಶಾಂಘೈನ ತಂಡ 2011ರಲ್ಲಿ ಅವಕೆಂಪು ಪಂಪ್ ಬಳಸಿ, ಎಳೆಯೊಳಗೇ ಹುಟ್ಟಿದ ಹಾರ್ಮೋನಿಕ್ ಬೆಳಕನ್ನೇ (ಪಂಪ್‌ನ ಆವರ್ತನದ ಪೂರ್ಣಾಂಕ ಪಟ್ಟು ಆವರ್ತನದ ಬೆಳಕನ್ನೇ) ಬೀಜವಾಗಿಸಿಕೊಂಡು ಇಂಥ ರೇಖೆಗಳನ್ನು ಪಡೆದಿತ್ತು.

ಇಲ್ಲೊಂದು ತೊಡಕಿದೆ. ದೂರದ ಗಾಳಿಯಲ್ಲಿ ಯಾವ ಅನಿಲವಿದೆ ಎಂದು ನೆಲದಿಂದಲೇ ಅಳೆಯಬೇಕಾದರೆ ಲೇಸರ್ ನಮ್ಮ ಕಡೆಗೆ ಹಿಂದಿರುಗಬೇಕು. ಅಯಾನುಗಳ ವರ್ಧನೆ ಕೆಲವೇ ಪಿಕೊಸೆಕೆಂಡ್ ಬಾಳುತ್ತದೆ. ಅಷ್ಟರಲ್ಲಿ ಬೆಳಕು ಒಂದೆರಡು ಮಿಲಿಮೀಟರ್ ಮಾತ್ರ ಸಾಗುವುದರಿಂದ, ಪಂಪ್‌ನೊಂದಿಗೆ ಮುಂದಕ್ಕೆ ಓಡುವ ಕಿರಣಕ್ಕಷ್ಟೇ ಲಾಭ. ಪ್ರಿನ್ಸ್‌ಟನ್ನಿನ ತಂಡ 2011ರಲ್ಲಿ ಬೇರೆ ದಾರಿ ಹಿಡಿಯಿತು: 226 ನ್ಯಾನೊಮೀಟರಿನ ನೇರಳಾತೀತ ಸ್ಪಂದದಿಂದ ಆಮ್ಲಜನಕದ ಅಣುವನ್ನು ಒಡೆದು, ಅದೇ ಸ್ಪಂದದಿಂದ ಬಿಡಿ ಪರಮಾಣುವನ್ನು ಉದ್ರೇಕಿಸಿ, 845 ನ್ಯಾನೊಮೀಟರಿನ ಲೇಸರನ್ನು ಹಿಂದಕ್ಕೆ ಪಡೆಯಿತು. ಆದರೆ 226ರ ಬೆಳಕನ್ನು ಓಝೋನ್ ಹೀರುತ್ತದೆ, ಗಾಳಿ ಚೆನ್ನಾಗಿ ಚದುರಿಸುತ್ತದೆ, ಹಾಗಾಗಿ ಅದನ್ನು ಬಹುದೂರ ಕಳಿಸುವುದು ಕಷ್ಟ. ವಿಯೆನ್ನಾದವರು 2012ರಲ್ಲಿ 3.9 ಮೈಕ್ರೋಮೀಟರ್ ಪಂಪ್‌ನಿಂದ 337 ನ್ಯಾನೊಮೀಟರ್ ಬೆಳಕನ್ನು ಹಿಂದಿರುಗಿಸಿದರಾದರೂ, ಅದಕ್ಕೆ ಆರ್ಗಾನ್ ಬೆರೆಸಿದ ಸಾರಜನಕ ಬೇಕಾಯಿತು. ಬಯಲು ಗಾಳಿಯಲ್ಲಿ ಆಮ್ಲಜನಕ ಉದ್ರೇಕಗೊಂಡ ಸಾರಜನಕವನ್ನು ಬೇಗ ತಣಿಸಿಬಿಡುತ್ತದೆ. ಸದ್ಯಕ್ಕೆ ಕೈಗೆಟಕುವ ಉಪಯೋಗವೆಂದರೆ, ಮುಂದಕ್ಕೆ ಹೋಗುವ ಗಾಳಿ ಲೇಸರನ್ನು ಅನಿಲಗಳ ರಾಮನ್ ಪರಿಣಾಮದೊಂದಿಗೆ (ಅಣುಗಳಿಂದ ಚದುರಿದ ಬೆಳಕಿನ ತರಂಗದೂರ ಆಯಾ ಅಣುವಿಗೆ ತಕ್ಕಂತೆ ಬದಲಾಗುವುದರೊಂದಿಗೆ) ಜೋಡಿಸಿ, ಇಂಗಾಲದ ಡೈಆಕ್ಸೈಡಿನಂಥವುಗಳ ಗುರುತನ್ನು ರೋಹಿತದಲ್ಲಿ ಓದುವುದು.