ಪಿಎಲ್‌ಸಿ ಕಲಿಯೋರು ಸ್ಟಾಪ್ ಬಟನ್‌ನಿಂದ ಶುರು ಮಾಡಿ

ದಾವಣಗೆರೆಯ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಆಗಾಗ ಕೇಳುತ್ತಾರೆ, ಆಟೋಮೇಷನ್ ಕೆಲಸಕ್ಕೆ ಸೇರಬೇಕು, ಯಾವ ಸಾಫ್ಟ್‌ವೇರ್ ಕಲಿಯಲಿ ಅಂತ. ಪಿಎಲ್‌ಸಿ ಅಂದರೆ ಮೆಷಿನ್‌ಗಳನ್ನು ನಡೆಸೋ ಕೈಗಾರಿಕಾ ಕಂಪ್ಯೂಟರ್. ಅದಕ್ಕೆ ಪ್ರೋಗ್ರಾಂ ಬರೆಯೋ ಕೋಡೆಸಿಸ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಸಿಮ್ಯುಲೇಷನ್ ಅದರಲ್ಲೇ ಇದೆ, ಪಿಎಲ್‌ಸಿ ಕೊಳ್ಳದೆ ಲ್ಯಾಪ್‌ಟಾಪಿನಲ್ಲೇ ಅಭ್ಯಾಸ ಮಾಡಬಹುದು. ಲ್ಯಾಡರ್ (ಸರ್ಕ್ಯೂಟ್ ಚಿತ್ರದ ಹಾಗೆ ಬರೆಯೋದು), ಸ್ಟ್ರಕ್ಚರ್ಡ್ ಟೆಕ್ಸ್ಟ್ (ಅಕ್ಷರದಲ್ಲಿ ಬರೆಯೋದು) ಈ ಎರಡು ಭಾಷೆ ಬಂದರೆ ಸದ್ಯಕ್ಕೆ ಸಾಕು. ಎರಡೂ ಪಿಎಲ್‌ಸಿ ಭಾಷೆಗಳ ಅಂತರರಾಷ್ಟ್ರೀಯ ಐಇಸಿ 61131-3 ಸ್ಟ್ಯಾಂಡರ್ಡ್‌ನಲ್ಲಿವೆ, ಹಾಗಾಗಿ ಕಂಪನಿ ಬದಲಾದರೂ ಕಲಿತದ್ದು ವ್ಯರ್ಥ ಆಗಲ್ಲ.

ಮೊದಲ ಪ್ರೋಗ್ರಾಂ ಒಂದು ಮೋಟರ್, ಒಂದು ಸ್ಟಾರ್ಟ್, ಒಂದು ಸ್ಟಾಪ್ ಇರಲಿ. ಸ್ಟಾರ್ಟ್‌ಗೆ ಪ್ಯಾರಲಲ್ ಆಗಿ ಮೋಟರ್ ಔಟ್‌ಪುಟ್‌ನದೇ ಕಾಂಟ್ಯಾಕ್ಟ್ ಹಾಕಿದರೆ ಬಟನ್‌ನಿಂದ ಕೈ ತೆಗೆದರೂ ಮೋಟರ್ ಓಡುತ್ತಿರುತ್ತದೆ. ಇದೇ ಲ್ಯಾಚ್. ಎಲ್ಲರೂ ಎಡವೋದು ಸ್ಟಾಪ್‌ನಲ್ಲಿ. ಪ್ಯಾನೆಲ್‌ನಲ್ಲಿ ಸ್ಟಾಪ್ ಬಟನ್ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಇರಬೇಕು, ಅಂದರೆ ಒತ್ತದೇ ಇದ್ದಾಗ ಇನ್‌ಪುಟ್‌ಗೆ 24 ವೋಲ್ಟ್ ಬರುತ್ತಲೇ ಇರಬೇಕು. ಆಗ ಬಟನ್ ಒತ್ತುವ ತನಕ ಇನ್‌ಪುಟ್ 1, ಆದ್ದರಿಂದ ಲ್ಯಾಡರ್‌ನಲ್ಲಿ ಅದಕ್ಕೆ ಎನ್‌ಒ (ನಾರ್ಮಲಿ ಓಪನ್, ಇನ್‌ಪುಟ್ 1 ಇದ್ದಾಗ ದಾರಿ ಬಿಡೋ) ಕಾಂಟ್ಯಾಕ್ಟ್ ಬರೆಯಬೇಕು. ತಲೆಕೆಳಗು ಅನಿಸುತ್ತದೆ, ಅಲ್ವಾ? ಕಾಗದದ ಮೇಲೆ ಗೀಚಿ ನೋಡಿ.

ನನಗೆ ಇದು ಬುದ್ಧಿಗೆ ಬಂದದ್ದು ಒಂದು ಅಕ್ಕಿ ಗಿರಣಿಯಲ್ಲಿ. ಸುಮ್ನೆ ಸುಲಭ ಅಂತ ಪ್ಯಾನೆಲ್‌ನ ಸ್ಟಾಪ್ ಬಟನ್ನನ್ನೂ ಎನ್‌ಒ (ಒತ್ತಿದಾಗ ಮಾತ್ರ ಕರೆಂಟ್ ಹರಿಯೋದು) ಮಾಡಿದ್ದೆ. ಇಲಿ ವೈರ್ ಕಡಿದು ಹಾಕಿತ್ತು, ಯಾರಿಗೂ ಗೊತ್ತಿಲ್ಲ. ಕಾಳು ಮೇಲೆತ್ತೋ ಎಲಿವೇಟರ್‌ನಲ್ಲಿ ಭತ್ತ ಕಟ್ಟಿಕೊಂಡಾಗ ಆಪರೇಟರ್ ಎಷ್ಟು ಒತ್ತಿದರೂ ಮೋಟರ್ ನಿಲ್ಲಲಿಲ್ಲ, ಕೊನೆಗೆ ಓಡಿ ಹೋಗಿ ಮೇನ್ ಆಫ್ ಮಾಡಿದ. ಎನ್‌ಸಿ ಇದ್ದಿದ್ದರೆ ಇಲಿ ಕಡಿದ ಕ್ಷಣವೇ ಮೋಟರ್ ನಿಲ್ಲುತ್ತಿತ್ತು, ಓನರ್ ಬೈಯುತ್ತಿದ್ದರು, ಅಷ್ಟೇ. ಎಮರ್ಜೆನ್ಸಿ ಸ್ಟಾಪನ್ನಂತೂ ಪ್ರೋಗ್ರಾಂ ಮೇಲೆ ಬಿಡಲೇಬೇಡಿ. ಅದು ವೈರಿಂಗ್‌ನಲ್ಲೇ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡೋ ಸ್ವಿಚ್) ಕಾಯಿಲ್‌ನ ಸಪ್ಲೈ ಕಡಿಯಬೇಕು.

ಸೆನ್ಸರ್‌ನಲ್ಲೂ ಇದೇ ಉಪಾಯ. 0 ದಿಂದ 10 ಬಾರ್‌ನ ಪ್ರೆಶರ್ ಟ್ರಾನ್ಸ್‌ಮಿಟರ್ 4 ರಿಂದ 20 ಮಿಲಿಆಂಪ್ ಕೊಡುತ್ತದೆ ಅಂದುಕೊಳ್ಳಿ. 12 ಬಂದರೆ 5 ಬಾರ್, 4 ಬಂದರೆ ಪ್ರೆಶರ್ ಇಲ್ಲ. 0 ಬಂದರೆ? ಹೆಚ್ಚಾಗಿ ವೈರೇ ಕಡಿದಿರುತ್ತದೆ. ಅದಕ್ಕೊಂದು ಅಲಾರಂ ಮೊದಲೇ ಬರೆದಿಡಿ.

ಸೈಟಿಗೆ ಹೋದರೆ ಏನೂ ಮುಟ್ಟುವ ಮುಂಚೆ ಪಿಎಲ್‌ಸಿಯಲ್ಲಿರುವ ಪ್ರೋಗ್ರಾಂ ಬ್ಯಾಕಪ್ ತೆಗೆಯಿರಿ. ಅಲ್ಲಿನ ವೈರ್‌ಮನ್ ಜೊತೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತರೆ ಡ್ರಾಯಿಂಗ್‌ನಲ್ಲಿ ಇಲ್ಲದ ಜಾಯಿಂಟ್‌ಗಳೂ ಗೊತ್ತಾಗುತ್ತವೆ. ಹೊರಡುವಾಗ, ಟೆಸ್ಟಿಂಗ್‌ಗೆ ಅಂತ ಫೋರ್ಸ್ ಮಾಡಿದ್ದನ್ನೆಲ್ಲ, ಅಂದರೆ ಇನ್‌ಪುಟ್, ಔಟ್‌ಪುಟ್‌ಗಳನ್ನು ಸಾಫ್ಟ್‌ವೇರ್‌ನಿಂದ ಬಲವಂತವಾಗಿ 1 ಅಥವಾ 0 ಮಾಡಿಟ್ಟದ್ದನ್ನೆಲ್ಲ, ತೆಗೆದಿದ್ದೀರಾ ನೋಡಿ. ಹಿರಿಯೂರಿನ ಸೈಟಿನಿಂದ ಹೊರಟು, ಚಿತ್ರದುರ್ಗದಲ್ಲಿ ಬಸ್ ನಿಂತಾಗ ನೆನಪಾಗಿ, ರಾತ್ರಿ ವಾಪಸ್ ಹೋದವನು ನಾನು.