ತೋಟದ ಫೋನಿನಲ್ಲಿ ಮಾತು ತುಂಡಾಗುವುದು ನಿಂತ ಬಗೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೂ ಅದರ ಬೆಂಗಳೂರು ಕಚೇರಿಗೂ ನಡುವೆ ಆಸ್ಟರಿಸ್ಕ್ ಎಂಬ ಟೆಲಿಫೋನ್ ಎಕ್ಸ್‌ಚೇಂಜ್ ತಂತ್ರಾಂಶದ ಮೇಲೆ, ಇಂಟರ್ನೆಟ್ ಮೂಲಕ ಮಾತನಾಡುವ ಏಳು ಐಪಿ ಫೋನ್‌ಗಳನ್ನು ಹಾಕಿಕೊಟ್ಟಿದ್ದೆ. ತೋಟಕ್ಕೆ ಇಂಟರ್ನೆಟ್ ಬರುವುದು ನಾಲ್ಕು ಕಿಲೋಮೀಟರ್ ಆಚೆಯ ಗುಡ್ಡದಿಂದ, 5 ಗಿಗಾಹರ್ಟ್ಸ್ ರೇಡಿಯೊದಲ್ಲಿ. ಬೆಳಿಗ್ಗೆ ಎದುರಿಗೆ ಕುಳಿತು ಮಾತನಾಡಿದಂತೆ ಕೇಳುತ್ತಿದ್ದ ಫೋನು, ಸಂಜೆ ಐದರ ಮೇಲೆ ರೈಟರು ಕುಯ್ಲಿನ ಲೆಕ್ಕ ಒಪ್ಪಿಸುವ ಹೊತ್ತಿಗೆ ಕೈಕೊಡುತ್ತಿತ್ತು. ಅವರು ‘ಮುನ್ನೂರ ನಲವತ್ತೆರಡು’ ಎಂದರೆ ಬೆಂಗಳೂರಿನಲ್ಲಿ ‘ಮುನ್ನೂರ ಎರಡು’ ಎಂದು ಬರೆದುಕೊಂಡದ್ದೂ ಉಂಟು.

ಪ್ಲಾನ್ ದೊಡ್ಡದು ಮಾಡಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಪ್ಲಾನ್‌ಗೂ ಹೊಸ ರೂಟರ್‌ಗೂ ಸೇರಿ ಹತ್ತು ಹನ್ನೊಂದು ಸಾವಿರ ಹೋಯಿತು, ಫಲವಿಲ್ಲ. ದನಿಯನ್ನು ಡಿಜಿಟಲ್ ಮಾಡುವ ಜಿ.711 ಕೋಡೆಕ್ ತೆಗೆದು, ಹೆಚ್ಚು ಕುಗ್ಗಿಸುವ ಜಿ.729 ಹಾಕಿದೆ, ಕರೆಯೊಂದಕ್ಕೆ ಸೆಕೆಂಡಿಗೆ 87 ಕಿಲೋಬಿಟ್ ಇದ್ದದ್ದು 31ಕ್ಕೆ ಇಳಿಯಿತು, ದನಿ ಮಾತ್ರ ಇನ್ನಷ್ಟು ಸೊರಗಿತು. ಮಾತನ್ನು ತುಂಡುಮಾಡಿ ಕಳಿಸುವ ಒಂದೊಂದು ಪ್ಯಾಕೆಟ್ಟನ್ನು 20 ಮಿಲಿಸೆಕೆಂಡಿನಿಂದ 40ಕ್ಕೆ ಏರಿಸಿದ ಪ್ರಯೋಗವಂತೂ ಕೆಟ್ಟದಾಯಿತು, ಏಕೆಂದರೆ ಆಗ ಒಂದು ಪ್ಯಾಕೆಟ್ ತಪ್ಪಿದರೆ ಅಕ್ಷರಕ್ಕೆ ಅಕ್ಷರವೇ ಮಾಯವಾಗುತ್ತಿತ್ತು.

ನಾನು ಮೊದಲೇ ಗಮನಿಸಬೇಕಾಗಿದ್ದ ಸಂಗತಿಯೆಂದರೆ, ಬೆಂಗಳೂರಿನವರ ಮಾತು ರೈಟರಿಗೆ ಚೆನ್ನಾಗಿಯೇ ಕೇಳುತ್ತಿತ್ತು, ಅಂದರೆ ಕೆಟ್ಟಿದ್ದದ್ದು ತೋಟದಿಂದ ಹೊರಹೋಗುವ ಅಪ್‌ಲೋಡ್ ದಾರಿ ಮಾತ್ರ. ಬೆಂಗಳೂರಿನ ತುದಿಯಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಓಡಿಸಿದಾಗ ಪ್ಯಾಕೆಟ್‌ಗಳು ಕಳೆದುಹೋದದ್ದು ಕಡಿಮೆ, ತಡವಾಗಿ ಗುಂಪುಗುಂಪಾಗಿ ಬಂದು ಜಿಟ್ಟರ್ ಬಫರ್‌ನಿಂದ (ಬಂದ ಪ್ಯಾಕೆಟ್‌ಗಳನ್ನು ಕ್ಷಣಕಾಲ ತಡೆದು ಸಮನಾಗಿ ನುಡಿಸುವ ಜಾಗ) ಕಸಕ್ಕೆ ಬಿದ್ದದ್ದೇ ಹೆಚ್ಚು ಎಂದು ತಿಳಿಯಿತು. ಪಿಂಗ್, ಅಂದರೆ ಪ್ಯಾಕೆಟ್ ಹೋಗಿ ಬರುವ ಹೊತ್ತು, ಬೆಳಿಗ್ಗೆ 35 ಮಿಲಿಸೆಕೆಂಡ್ ಇದ್ದದ್ದು ಸಂಜೆ 900 ದಾಟುತ್ತಿತ್ತು. ಕಾಫಿ ಒಣಗಿಸುವ ಕಣದ ಕ್ಯಾಮೆರಾಗಳ ದಿನದ ದೃಶ್ಯವೆಲ್ಲ ಐದಕ್ಕೆ ಕ್ಲೌಡಿಗೆ ಹೊರಡುತ್ತಿತ್ತು, ಮಾತು ಅದರ ಹಿಂದೆ ಸಾಲಿನಲ್ಲಿ ನಿಂತಿರುತ್ತಿತ್ತು. ಫೋನ್‌ಗಳಲ್ಲಿ ‘ಇದು ಮಾತು, ಮೊದಲು ಬಿಡಿ’ ಎಂದು ಪ್ಯಾಕೆಟ್ ಮೇಲೆ ಹಾಕುವ ಗುರುತು, ಡಿಎಸ್‌ಸಿಪಿ 46, ಮೊದಲಿನಿಂದಲೂ ಇತ್ತು. ಆದರೆ ಸಾಲು ಬೆಳೆಯುತ್ತಿದ್ದದ್ದು ಅದನ್ನು ಲೆಕ್ಕಿಸದ ರೇಡಿಯೊದೊಳಗೆ.

ಎರಡು ಸಾವಿರಕ್ಕೆ ಸಿಕ್ಕಿದ ಹಳೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ, ಅದರಲ್ಲಿ ಸಾಲು ನಿಭಾಯಿಸುವ ಕೇಕ್ ಹೂಡಿ, 11 ಎಂಬಿಪಿಎಸ್ ಸಿಗುತ್ತಿದ್ದ ಅಪ್‌ಲೋಡನ್ನು 9ಕ್ಕೆ ಕಟ್ಟಿದೆ. ಹಾಗೆ ಮಾಡಿದರೆ ಸಾಲು ರೇಡಿಯೊದೊಳಗಲ್ಲ, ಈ ರೂಟರಿನಲ್ಲೇ ನಿಲ್ಲುತ್ತದೆ, ಇಲ್ಲಿ ಮಾತನ್ನು ಮುಂದೆ ಬಿಡಬಹುದು. ‘ಸ್ಪೀಡ್ ಕಡಿಮೆ ಮಾಡಿ ಮಾತು ಸರಿಮಾಡ್ತೀರಾ ಸಾರ್?’ ಎಂದು ಲಿಂಕ್ ಕೊಟ್ಟ ಹುಡುಗ ನಕ್ಕಿದ್ದ. ಅಂದು ಸಂಜೆ ಕ್ಯಾಮೆರಾಗಳು ಓಡುತ್ತಿರುವಾಗಲೇ ಪಿಂಗ್ 50 ದಾಟಲಿಲ್ಲ. ಅವನೇ ನಿಂತು ನೋಡಿದ.

ಜೂನ್ ಮಳೆಗೆ ತೊಂದರೆ ಮರಳಿ ಬಂತು. ದಾರಿಗೆ ಅಡ್ಡವಾಗಿ ಬೆಳೆದಿದ್ದ ಸಿಲ್ವರ್ ಓಕ್‌ಗಳ ಎಲೆ ನೆನೆದಾಗ ಅಪ್‌ಲೋಡ್ 5ಕ್ಕೆ ಕುಸಿಯುತ್ತಿತ್ತು, ಆಗ 9ರ ಕಟ್ಟು ಇದ್ದೂ ಇಲ್ಲದಂತೆಯೇ. ಮೆಣಸಿನ ಬಳ್ಳಿ ಹಬ್ಬಿದ ಮರಗಳನ್ನು ಕಡಿಯಲು ಸಾಹುಕಾರರು ಒಪ್ಪಲಿಲ್ಲ. ಕೊಂಬೆ ಸವರುವ ಮರಗಸಿ ಮಾಡಿಸಿದರು, ಅರ್ಧ ಗುಣವಾಯಿತು. ಉಳಿದರ್ಧಕ್ಕೆ ರೇಡಿಯೊ ಸಿಗ್ನಲ್ ಇಳಿದಂತೆ ಕಟ್ಟನ್ನೂ ಇಳಿಸುವ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಸಿಗ್ನಲ್ ಎಷ್ಟು ಡಿಬಿ (ಡೆಸಿಬೆಲ್) ಇಳಿದರೆ ಕಟ್ಟನ್ನು ಎಷ್ಟು ಇಳಿಸಬೇಕೆಂಬ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ, ಪಕ್ಕದ ಎರಡು ತೋಟಗಳ ಕೆಲಸ ಇನ್ನೂ ಬಾಕಿಯಿದೆ.