ಕಣ್ಣಿನ ಸಂಶೋಧನೆಗೆ ಸೇರಿ ಎಂದರೆ: ಹೆಬ್ಬೆಟ್ಟು ಒತ್ತುವ ಮುನ್ನ ವಿಚಾರಿಸಬೇಕಾದದ್ದು

"ಪೊರೆ ಬಂದಿದೆ, ಆಪರೇಷನ್ ಮಾಡಿಸಬೇಕು" ಎಂದ ವೈದ್ಯರೇ ಮಾತು ಮುಂದುವರಿಸಿ, "ನಮ್ಮಲ್ಲಿ ಒಂದು ಅಧ್ಯಯನ ನಡೆಯುತ್ತಿದೆ, ನಿಮ್ಮ ತಾಯಿಯವರನ್ನು ಸೇರಿಸಿಕೊಳ್ಳಬಹುದೇ?" ಎಂದು ಕೇಳಿದರೆ ಏನು ಹೇಳುತ್ತೀರಿ? ಜಗಳೂರಿನಿಂದಲೋ ಮೊಳಕಾಲ್ಮುರಿನಿಂದಲೋ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕುಳಿತವರಿಗೆ ಸಾಮಾನ್ಯವಾಗಿ ಎರಡೇ ದಾರಿ ತೋಚುತ್ತವೆ. ಅವ್ವನ ಮೇಲೆ ಪ್ರಯೋಗ ಮಾಡುತ್ತಾರಂತೆ ಎಂದು ಹೆದರಿ ಎದ್ದು ಬರುವುದು ಒಂದು. ದೊಡ್ಡ ಡಾಕ್ಟರು ಹೇಳಿದ ಮೇಲೆ ಕೇಳುವುದೇನಿದೆ ಎಂದು ತೋರಿಸಿದ ಕಡೆ ಸಹಿ ಹಾಕುವುದು ಇನ್ನೊಂದು. ಎರಡರಿಂದಲೂ ನಷ್ಟ ನಿಮಗೇ. ವಿಚಾರಿಸಿ ತೀರ್ಮಾನಿಸುವ ಹಕ್ಕು ಕಾನೂನೇ ಕೊಟ್ಟಿದೆ. ಅದನ್ನು ಬಳಸುವುದು ಹೇಗೆಂದು ಇಲ್ಲಿ ಹೇಳಿದ್ದೇನೆ.

ಹೆದರಿ ಎದ್ದು ಹೋಗುವವರಿಗೆ ಮೊದಲು ಒಂದು ಮಾತು. ಹಿಂದೆಲ್ಲ ಪೊರೆ ತೆಗೆಸಿಕೊಂಡವರು ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡೇ ಬಾಳಬೇಕಿತ್ತು. ಕಣ್ಣಿನೊಳಗೆ ಕೃತಕ ಮಸೂರ ಇಡುವ ವಿದ್ಯೆಯನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಆರಂಭಿಸಿದ್ದರೂ, ನಮ್ಮ ಹಳ್ಳಿಗಳ ಬಡವರಿಗೆ ಅದು ಸುರಕ್ಷಿತವೇ ಎಂಬ ಅನುಮಾನ ಬಹುಕಾಲ ಉಳಿದಿತ್ತು. ಮದುರೈಯಲ್ಲಿ 3,400 ರೋಗಿಗಳು ಒಂದು ಅಧ್ಯಯನಕ್ಕೆ ಒಪ್ಪಿದರು. ಅರ್ಧದಷ್ಟು ಜನರಿಗೆ ಹಳೆಯ ಶಸ್ತ್ರಚಿಕಿತ್ಸೆ ಮತ್ತು ದಪ್ಪ ಕನ್ನಡಕ, ಉಳಿದವರಿಗೆ ಕಣ್ಣೊಳಗೇ ಮಸೂರ. 1998ರಲ್ಲಿ ಪ್ರಕಟವಾದ ಫಲಿತಾಂಶ ಮಸೂರದ ಪರವಾಗಿತ್ತು. ಪುಣೆಯಲ್ಲಿ 400 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಯಂತ್ರದಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ವಿಧಾನವನ್ನೂ ಕೈಯಿಂದಲೇ ಮಾಡುವ, ಹೊಲಿಗೆ ಬೇಡದ ಸಣ್ಣ ಗಾಯದ ವಿಧಾನವನ್ನೂ ಹೋಲಿಸಿತು. ಕನ್ನಡಕವಿಲ್ಲದೆ ನೋಡುವಾಗ ಫೇಕೋ ಸ್ವಲ್ಪ ಮುಂದಿತ್ತು. ಕನ್ನಡಕ ಹಾಕಿದ ಮೇಲೆ ಎರಡೂ ಸರಿಸಮ. ಶಿಬಿರದಿಂದ ಕರೆದೊಯ್ದು ಕಡಿಮೆ ಖರ್ಚಿನಲ್ಲಿ ಮಾಡುವ ಆಪರೇಷನ್ ಕಳಪೆಯದಲ್ಲ ಎಂದು ಇಂದು ಧೈರ್ಯವಾಗಿ ಹೇಳುವುದಕ್ಕೆ ಇಂಥ ಅಧ್ಯಯನಗಳೇ ಆಧಾರ.

ಎರಡು ಕಾಗದ, ಎರಡು ಸಹಿ

ಮೊದಲ ಹೆಜ್ಜೆ, ಚಿಕಿತ್ಸೆಯನ್ನೂ ಸಂಶೋಧನೆಯನ್ನೂ ಬೇರೆ ಮಾಡಿ ನೋಡುವುದು. ಆಪರೇಷನ್‌ಗೆ ಒಪ್ಪಿಗೆ ಪತ್ರ ಒಂದು, ಅಧ್ಯಯನಕ್ಕೆ ಒಪ್ಪಿಗೆ ಪತ್ರ ಇನ್ನೊಂದು. ವಾರ್ಡಿನ ಗಡಿಬಿಡಿಯಲ್ಲಿ ಎರಡೂ ಒಂದೇ ಫೈಲಿನಲ್ಲಿ ಬರುತ್ತವೆ. ಇಂಕ್ ಪ್ಯಾಡ್ ಹಿಡಿದವರು "ಅಜ್ಜಿ, ಇಲ್ಲೊಂದು ಒತ್ತಿ, ಇಲ್ಲೊಂದು" ಎಂದು ಹಾಳೆ ತಿರುವುತ್ತಾ ಹೋದರೆ, ಪೊರೆಯಿಂದ ಅಕ್ಷರವೇ ಮಂಜಾಗಿರುವ ಹಿರಿಯರಿಗೆ ಯಾವುದು ಯಾವುದೆಂದು ತಿಳಿಯುವುದಾದರೂ ಹೇಗೆ? ಜೊತೆಗಿರುವ ನೀವು ಅಲ್ಲೇ ತಡೆದು, "ಇದರಲ್ಲಿ ಅಧ್ಯಯನದ ಕಾಗದ ಯಾವುದು?" ಎಂದು ಕೇಳಬೇಕು.

ನಂತರ ಇನ್ನೊಂದು ಪ್ರಶ್ನೆ: "ನಾವು ಸೇರದಿದ್ದರೆ ಅವ್ವನಿಗೆ ಯಾವ ಚಿಕಿತ್ಸೆ ಸಿಗುತ್ತದೆ, ಯಾವಾಗ?" ಸೇರದಿದ್ದರೂ ವಾಡಿಕೆಯ ಚಿಕಿತ್ಸೆ ನಿಲ್ಲಬಾರದು, ಅದು ನಿಯಮ. ಅಧ್ಯಯನದ ನೆಪದಲ್ಲಿ ಆಪರೇಷನ್ ತಿಂಗಳುಗಟ್ಟಲೆ ಮುಂದಕ್ಕೆ ಹೋಗುವಂತಿದ್ದರೂ ಒಪ್ಪಬೇಡಿ. ಪೊರೆ ಹಣ್ಣಾಗಲಿ ಎಂದು ಕಾಯುವ ಕಾಲ ಮುಗಿದಿದೆ. ಬಲಿತು ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ, ಅತಿಯಾಗಿ ಬಲಿತರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರವೇ ಹಾಳಾಗುವ ಅಪಾಯವಿದೆ.

ಮಾಹಿತಿ ಹಾಳೆ ಮನೆಗೆ ಬರಲಿ

ಒಪ್ಪಿಗೆ ಪತ್ರದ ಜೊತೆ ಕನ್ನಡದಲ್ಲಿ ಮಾಹಿತಿ ಹಾಳೆ ಕೊಡಲೇಬೇಕು. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅಲ್ಲಿಗೇ ನಿಲ್ಲಿಸಿ. ಕನ್ನಡದ್ದಿದ್ದರೆ ಮಡಚಿ ಚೀಲದಲ್ಲಿ ಇಟ್ಟುಕೊಳ್ಳಿ, ಊರಿಗೆ ಹೋಗಿ ಮನೆಮಂದಿಯೆಲ್ಲ ಕುಳಿತು ಓದಿ. ತುರ್ತಲ್ಲದ ಪೊರೆಗೆ ನಾಲ್ಕು ದಿನ ಯೋಚಿಸಲು ಸಮಯ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಓದು ಬಾರದವರಿಂದ ಒಪ್ಪಿಗೆ ಪಡೆಯುವಾಗ, ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಮೊದಲಿನಿಂದ ಕೊನೆಯವರೆಗೂ ಅಲ್ಲೇ ಇದ್ದು ಸಹಿ ಹಾಕಬೇಕು. ಮಗ ಸಹಿ ಹಾಕಿದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಬುದ್ಧಿ ಸ್ವಾಧೀನದಲ್ಲಿರುವ ತಾಯಿಯ ಕಣ್ಣಿಗೆ ತಾಯಿಯದೇ ಒಪ್ಪಿಗೆ ಬೇಕು, ಅವರಿಗೆ ಅರ್ಥವಾಗುವ ಮಾತಿನಲ್ಲೇ ವಿವರಿಸಿರಬೇಕು.

ಹಾಳೆಯಲ್ಲಿ ನಿಧಾನವಾಗಿ ಓದಬೇಕಾದ ಜಾಗ, ಯಾವುದನ್ನು ಯಾವುದರೊಡನೆ ಹೋಲಿಸುತ್ತಾರೆ ಎಂಬುದು. ಎಷ್ಟೋ ಬಾರಿ ಹೋಲಿಕೆಯೇ ಇರುವುದಿಲ್ಲ. ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಪದವಿಗಾಗಿ ಥೀಸಿಸ್ ಬರೆಯಬೇಕು. ಆಪರೇಷನ್‌ಗೆ ಮುನ್ನ ಮತ್ತು ನಂತರ ಅಕ್ಷಿಪಟಲದ ದಪ್ಪ ಅಳೆಯುವುದು, ಕಾರ್ನಿಯಾದ ಒಳಪದರದ ಜೀವಕೋಶ ಎಣಿಸುವುದು, ಮಧುಮೇಹಿಗಳ ದೃಷ್ಟಿ ಎಷ್ಟು ಸುಧಾರಿಸಿತೆಂದು ದಾಖಲಿಸುವುದು, ಇಂಥವೇ ಹೆಚ್ಚು. ಇವುಗಳಲ್ಲಿ ಚಿಕಿತ್ಸೆ ಬದಲಾಗುವುದಿಲ್ಲ, ಪರೀಕ್ಷೆ ಒಂದೆರಡು ಹೆಚ್ಚಾಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಬೇರೆ ತೊಡಕಿಲ್ಲದಿದ್ದಾಗ ಇವಕ್ಕೆ ಸಂತೋಷದಿಂದ ಒಪ್ಪಬಹುದು. ಆದರೆ ಆಪರೇಷನ್ ಮಾಡುವವರು ಯಾರು, ಪ್ರಾಧ್ಯಾಪಕರೋ ಅವರ ಮೇಲ್ವಿಚಾರಣೆಯಲ್ಲಿ ಕಲಿಯುತ್ತಿರುವವರೋ ಎಂದು ಕೇಳಿ ತಿಳಿದುಕೊಳ್ಳಿ.

ಎರಡು ಔಷಧ, ಎರಡು ಮಸೂರ ಅಥವಾ ಎರಡು ವಿಧಾನಗಳನ್ನು ಹೋಲಿಸುವುದಿದ್ದರೆ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಕಂಪ್ಯೂಟರ್ ಮೊದಲೇ ಪಟ್ಟಿ ಮಾಡಿರುತ್ತದೆ, ಮುಚ್ಚಿದ ಲಕೋಟೆ ಒಡೆದಾಗಲೇ ವೈದ್ಯರಿಗೂ ತಿಳಿಯುವುದು. "ನನ್ನ ಕಣ್ಣನ್ನು ಅದೃಷ್ಟಕ್ಕೆ ಬಿಡುತ್ತೀರಾ?" ಎಂದು ಯಾರಿಗಾದರೂ ಅನ್ನಿಸುತ್ತದೆ. ಕಾರಣ ಹೀಗಿದೆ. ಆಯ್ಕೆ ವೈದ್ಯರ ಕೈಯಲ್ಲಿದ್ದರೆ, ಗೊತ್ತಿಲ್ಲದೆಯೇ ಸುಲಭದ ಕಣ್ಣುಗಳು ಹೊಸ ವಿಧಾನಕ್ಕೂ ಕಷ್ಟದವು ಹಳೆಯದಕ್ಕೂ ಹೋಗಿಬಿಡಬಹುದು. ಆಮೇಲೆ ಹೊಸದೇ ಮೇಲು ಎಂದು ಕಂಡರೆ ಅದು ವಿಧಾನದ ಗುಣವೋ ಕಣ್ಣಿನ ಗುಣವೋ ತಿಳಿಯುವುದಿಲ್ಲ. ಎರಡರಲ್ಲಿ ಯಾವುದು ಮೇಲೆಂದು ನಿಜವಾಗಿಯೂ ಗೊತ್ತಿಲ್ಲದಿದ್ದಾಗ ಮಾತ್ರ ಹೀಗೆ ಹಂಚುವುದು ನ್ಯಾಯ. ಆದ್ದರಿಂದ ಕೇಳಬೇಕಾದ ಪ್ರಶ್ನೆ: "ಯಾವ ಗುಂಪಿಗೆ ಬಿದ್ದರೂ ಇಂದು ಒಳ್ಳೆಯದೆಂದು ಒಪ್ಪಿರುವ ಚಿಕಿತ್ಸೆಗಿಂತ ಕಡಿಮೆ ಆಗುವುದಿಲ್ಲ ತಾನೇ?"

ಒಂದು ಉದಾಹರಣೆ. ಆಪರೇಷನ್ ಕೊನೆಯಲ್ಲಿ ಕಣ್ಣಿನೊಳಗೆ ಸೆಫುರಾಕ್ಸಿಮ್ ಎಂಬ ಆಂಟಿಬಯೋಟಿಕ್ ಬಿಟ್ಟರೆ ಸೋಂಕು ತಗ್ಗುತ್ತದೆಯೇ ಎಂದು ಯುರೋಪಿನಲ್ಲಿ 16,000ಕ್ಕೂ ಹೆಚ್ಚು ರೋಗಿಗಳನ್ನು ಹೀಗೆಯೇ ಹಂಚಿ ಪರೀಕ್ಷಿಸಿದರು. 2007ರ ವರದಿಯ ಪ್ರಕಾರ, ಔಷಧ ಸಿಗದವರಲ್ಲಿ ಸೋಂಕು ಸುಮಾರು ಐದು ಪಟ್ಟು ಹೆಚ್ಚಿತ್ತು. ಅಪರೂಪದ ಸೋಂಕು ಅದು, ಬಂದರೆ ಕಣ್ಣೇ ಹೋಗಬಹುದು. ನೂರಿನ್ನೂರು ಜನರನ್ನು ನೋಡಿ ಆ ವ್ಯತ್ಯಾಸ ಹಿಡಿಯಲು ಆಗುತ್ತಿರಲಿಲ್ಲ.

ನೋಂದಣಿ ಮತ್ತು ಸಮಿತಿ

ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಜಾಲತಾಣ ಸಿಟಿಆರ್‌ಐ 2007ರಲ್ಲಿ ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ನೋಂದಣಿ ಕಡ್ಡಾಯ. ಸ್ನಾತಕೋತ್ತರ ಥೀಸಿಸ್‌ಗಳನ್ನೂ ಅಲ್ಲಿ ನಮೂದಿಸುತ್ತಾರೆ. ಸಿಟಿಆರ್‌ಐ ಎಂಬ ಅಕ್ಷರಗಳ ಮುಂದೆ ವರ್ಷ, ತಿಂಗಳು, ಕ್ರಮಾಂಕ ಹೀಗಿರುತ್ತದೆ ಅದರ ಸಂಖ್ಯೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಮೊಬೈಲಿನಲ್ಲೇ ಹುಡುಕಿಸಿ. ಯಾರು ನಡೆಸುತ್ತಿದ್ದಾರೆ, ಹಣ ಯಾರದು, ಎಷ್ಟು ಜನರನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ, ಎಲ್ಲವೂ ಅಲ್ಲಿ ಸಿಗುತ್ತದೆ.

ಇನ್ನು ನೈತಿಕ ಸಮಿತಿ. ಆಸ್ಪತ್ರೆಯಲ್ಲಿ ಎಥಿಕ್ಸ್ ಕಮಿಟಿ ಎಂದೇ ಕೇಳಿ. 2019ರ ನಿಯಮಗಳ ಪ್ರಕಾರ ಔಷಧ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅವರಲ್ಲಿ ಕಾನೂನು ಬಲ್ಲವರು, ಒಬ್ಬ ಮಹಿಳೆ, ಒಬ್ಬ ಜನಸಾಮಾನ್ಯರೂ ಸೇರಿರಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸೇರದವರಾಗಿರಬೇಕು. ವೈದ್ಯರ ಬಗ್ಗೆಯೇ ದೂರಿದ್ದರೆ ಹೇಳಿಕೊಳ್ಳುವುದು ಇವರ ಬಳಿ. ಅವರ ಫೋನ್ ಸಂಖ್ಯೆ ಮಾಹಿತಿ ಹಾಳೆಯಲ್ಲಿ ಇದೆಯೇ ನೋಡಿ.

ಹಣದ ಮಾತು ಚಿಕ್ಕದು. ಪ್ರಯೋಗದ ಔಷಧಕ್ಕೋ ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆಗೋ ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಬಸ್ ಖರ್ಚು ಕೊಡುತ್ತಾರೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಔಷಧ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು, ಹಾಳೆಯಲ್ಲಿ ಅದು ಬರೆದಿರಬೇಕು. ಹಾಗೆಯೇ, ಸಂಶೋಧನೆಯ ಹೆಸರು ಹೇಳಿ "ಹನಿ ಹಾಕಿ ಪೊರೆ ಕರಗಿಸುತ್ತೇವೆ" ಎಂದು ಬಾಟಲಿ ಮಾರುವವರು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಮನುಷ್ಯರ ಪೊರೆಯನ್ನು ಕರಗಿಸುತ್ತದೆಂದು ಸಾಬೀತಾದ ಹನಿ ಇಂದಿನವರೆಗೆ ಯಾವುದೂ ಇಲ್ಲ.

ಒಪ್ಪಿದ ಮೇಲೆ ತಪ್ಪದೆ ಹೋಗಿ

ಸಹಿ ಹಾಕುವ ಮುನ್ನ ಮರುಭೇಟಿಯ ದಿನಾಂಕಗಳನ್ನು ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿ. ಮರುದಿನ, ವಾರ, ತಿಂಗಳು, ಕೆಲವೊಮ್ಮೆ ಆರು ತಿಂಗಳು. ಮೆಕ್ಕೆಜೋಳ ಮುರಿಯುವ ಹೊತ್ತಿಗೋ ಚನ್ನಗಿರಿ ಕಡೆಯವರಾದರೆ ಅಡಿಕೆ ಕೊಯ್ಲಿಗೋ ಬಿದ್ದರೆ ಕರೆದುಕೊಂಡು ಹೋಗುವವರು ಯಾರು? ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಕೆಲವು ಗಂಟೆ ಮಂಜಾಗಿರುತ್ತದೆ, ಹಿರಿಯರನ್ನು ಒಂಟಿಯಾಗಿ ಬಸ್ ಹತ್ತಿಸಬಾರದು. ಮಂಡಕ್ಕಿ ಭಟ್ಟಿಯಲ್ಲೋ ಸೌದೆ ಒಲೆಯ ಮುಂದೋ ದುಡಿಯುವವರಾದರೆ ಹೊಗೆ ಮತ್ತು ಧೂಳಿನಿಂದ ಎಷ್ಟು ದಿನ ದೂರವಿರಬೇಕೆಂದು ಕೇಳಿ ಬರೆದುಕೊಳ್ಳಿ.

"ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನೇಕೆ ದಾವಣಗೆರೆಗೆ ಹೋಗುವುದು?" ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಅಧ್ಯಯನ ಕೆಡುವುದು ಇಲ್ಲಿಯೇ. ಚೆನ್ನಾಗಿ ಕಂಡವರು ಬರುವುದು ಬಿಟ್ಟರೆ ಒಳ್ಳೆಯ ಚಿಕಿತ್ಸೆಯೂ ಕೆಟ್ಟದ್ದಾಗಿ ತೋರುತ್ತದೆ, ಬೇಸತ್ತವರು ಬಿಟ್ಟರೆ ಕೆಟ್ಟದ್ದೇ ಒಳ್ಳೆಯದಾಗಿ ತೋರುತ್ತದೆ. ಒಪ್ಪಿದ ಮೇಲೆ ಹೋಗುವುದು ಮುಂದೆ ಅದೇ ಚಿಕಿತ್ಸೆ ಪಡೆಯುವವರಿಗೆ ನಾವು ಸಲ್ಲಿಸುವ ಋಣ ಎಂದೇ ನಾನು ನಂಬಿದ್ದೇನೆ. ಆದರೆ ನೋವು, ಹೆಚ್ಚುತ್ತಿರುವ ಕೆಂಪು, ಕೀವು, ಕಾಣುತ್ತಿದ್ದದ್ದು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಕೊಟ್ಟ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.

ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಕಾರಣ ಹೇಳಬೇಕಿಲ್ಲ, ಚಿಕಿತ್ಸೆ ಮುಂದುವರಿಯುತ್ತದೆ. ಎರಡನೆಯ ಕಣ್ಣಿನ ಆಪರೇಷನ್ ಬಂದಾಗ ಮತ್ತೆ ಹಾಳೆ ತೆಗೆದು ನೋಡಿ. ಅಧ್ಯಯನ ಒಂದೇ ಕಣ್ಣಿಗೆ ಎಂದಿದ್ದರೆ, ಇನ್ನೊಂದು ಕಣ್ಣಿಗೆ ಯಾವ ವಿಧಾನ, ಯಾವ ಮಸೂರ ಎಂಬುದನ್ನು ನೀವೂ ವೈದ್ಯರೂ ಹೊಸದಾಗಿ ಕುಳಿತು ಮಾತನಾಡಬೇಕು.